ಓದುಗರ ಪ್ರಶ್ನೆ: ನೆಟ್ ಇಷ್ಟು ಚೆನ್ನಾಗಿದೆ, ಆದರೂ ಒಂದೇ ರೂಮಿನಲ್ಲಿ ಕೂತು ಆಡಿದ ಮಜಾ ಯಾಕೆ ಬರಲ್ಲ?

ಪ್ರಶ್ನೆ: ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದ್ತಿದ್ದೀನಿ. ನಮ್ಮಣ್ಣ ಕಾಲೇಜಿನಲ್ಲಿದ್ದಾಗ ಹತ್ತು ಹನ್ನೆರಡು ಜನ ಸೈಬರ್ ಕೆಫೆಯಲ್ಲಿ ಸೇರಿ ಕೌಂಟರ್ ಸ್ಟ್ರೈಕ್ ಅನ್ನೋ ಗುಂಡು ಹೊಡೆಯೋ ಗೇಮ್ ಆಡ್ತಿದ್ದರಂತೆ. ಇವತ್ತಿಗೂ ಅದೇ ಕಥೆ ಹೇಳ್ತಾನೆ. ನಮಗೆ ಅವರಿಗಿಂತ ಎಷ್ಟೋ ಪಟ್ಟು ಒಳ್ಳೆ ನೆಟ್ ಇದೆ, ಗೇಮ್‌ಗಳೂ ಚೆನ್ನಾಗಿವೆ. ಆದ್ರೆ ಅವನು ಹೇಳೋ ಮಜಾ ನಮಗೆ ಸಿಕ್ಕಿಲ್ಲ. ಆ ಲ್ಯಾನ್ ಆಟ, ಅಂದ್ರೆ ಒಂದೇ ಕಡೆ ಇರೋ ಕಂಪ್ಯೂಟರ್‌ಗಳನ್ನ ಒಂದಕ್ಕೊಂದು ಜೋಡಿಸಿ ಆಡೋದು, ಯಾಕೆ ನಿಂತುಹೋಯ್ತು? ಈಗ ನಾವು ನಾಲ್ಕೈದು ಜನ ಹಾಗೆ ಆಡಬೇಕು ಅಂದ್ರೆ ಆಗುತ್ತಾ?

ಉತ್ತರ: ಆಗುತ್ತದೆ. ಹೇಗೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ಅಣ್ಣನ ಕಥೆಗೆ ಒಂದು ತಿದ್ದುಪಡಿ. ಅವರ ಕಾಲದ ಹುಡುಗರು ಒಟ್ಟಿಗೆ ಕೂರಬೇಕು ಅಂತ ಆಸೆಪಟ್ಟು ಕೆಫೆಗೆ ಹೋದವರಲ್ಲ. ಬೇರೆ ದಾರಿ ಇರಲಿಲ್ಲ, ಹೋದರು. ಮಜಾ ಇರುವುದು ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಲೆಕ್ಕ ನೋಡಿ. 2004ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಾಗ, ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದಿತ್ತು. ಅದೂ ಎಲ್ಲರ ಮನೆಗೆ ಬಂದಿರಲಿಲ್ಲ. ಫೋನ್ ಲೈನ್ ಹಿಡಿದುಕೊಂಡು ಕೀಂ ಕೀಂ ಅನ್ನುವ ಡಯಲ್-ಅಪ್ಪೇ ಜಾಸ್ತಿ. ಅದೇ ಹೊತ್ತಿಗೆ ಕೆಫೆಯ ಒಳಗೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಎಳೆದ ಕೇಬಲ್ಲು 100 ಮೆಗಾಬಿಟ್ ಸಾಗಿಸುತ್ತಿತ್ತು. ಹೊರಗಿನ ನೆಟ್ಟಿಗಿಂತ ಸುಮಾರು 400 ಪಟ್ಟು.

ಆಟಕ್ಕೆ ಇದಕ್ಕಿಂತ ದೊಡ್ಡ ವಿಷಯ ಪಿಂಗ್. ನೀವು ಗುಂಡು ಹೊಡೆದ ಸುದ್ದಿ ಆಟ ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್‌ಗೆ ಮುಟ್ಟಿ ವಾಪಸ್ ಬರಲು ಹಿಡಿಯುವ ಸಮಯ ಅದು. ಡಯಲ್-ಅಪ್ಪಿನಲ್ಲಿ 200 ಮಿಲಿಸೆಕೆಂಡ್ ದಾಟುವುದು ಮಾಮೂಲಿ. ಎದುರಿಗೆ ಬಂದವನಿಗೆ ಹೊಡೆದೆ ಅಂದುಕೊಳ್ಳುವಷ್ಟರಲ್ಲಿ ನೀವೇ ಸತ್ತಿರುತ್ತೀರಿ. ಲ್ಯಾನಿನಲ್ಲಿ ಅದು ಒಂದು ಮಿಲಿಸೆಕೆಂಡೂ ಇಲ್ಲ. ಹಾಗಾಗಿ ಆಟ ಸರಿಯಾಗಿ ನಡೆಯಬೇಕು ಅಂದರೆ ಆಡುವವರೆಲ್ಲ ಒಂದೇ ಸೂರಿನ ಕೆಳಗೆ ಬರಲೇಬೇಕಿತ್ತು.

ಇದು ಬಾಗಲಕೋಟೆಯ ಕಥೆ ಮಾತ್ರ ಅಲ್ಲ. 1993ರ ಡಿಸೆಂಬರಿನಲ್ಲಿ ಡೂಮ್ ಅನ್ನುವ ಗೇಮ್ ಬಂತು. ನಾಲ್ಕು ಜನ ನೆಟ್‌ವರ್ಕಿನಲ್ಲಿ ಸೇರಿ ಒಬ್ಬರನ್ನೊಬ್ಬರು ಬೇಟೆಯಾಡಬಹುದಿತ್ತು. ಅಮೆರಿಕದಲ್ಲಿ ಕೆಲವು ಕಂಪನಿ, ಕಾಲೇಜುಗಳು ಅದನ್ನು ನಿಷೇಧಿಸಬೇಕಾಯಿತು, ಯಾಕೆಂದರೆ ಆಟ ಶುರುವಾದರೆ ಆಫೀಸಿನ ನೆಟ್‌ವರ್ಕೇ ಉಸಿರುಗಟ್ಟುತ್ತಿತ್ತು. ಸ್ವೀಡನ್ನಿನಲ್ಲಿ ಒಂದಿಷ್ಟು ಹುಡುಗರು ಶಾಲೆಯಲ್ಲಿ ಕಂಪ್ಯೂಟರ್ ತಂದು ಕೂತದ್ದು ಬೆಳೆದು ಡ್ರೀಮ್‌ಹ್ಯಾಕ್ ಅನ್ನುವ ದೊಡ್ಡ ಜಾತ್ರೆಯಾಯಿತು. ಟೆಕ್ಸಾಸ್‌ನಲ್ಲಿ 1996ರಿಂದ ಕ್ವೇಕ್‌ಕಾನ್ ಅನ್ನುವ ಅಂಥದೇ ಜಾತ್ರೆ. ಅಲ್ಲಿನವರು ತಮ್ಮ ತಮ್ಮ ಕಂಪ್ಯೂಟರ್ ಹೊತ್ತು ತರುತ್ತಿದ್ದರು. ಆಗಿನ ದಪ್ಪ ಗಾಜಿನ ಮಾನಿಟರ್ ಹತ್ತು ಹದಿನೈದು ಕಿಲೋ ತೂಗುತ್ತಿತ್ತು ಅನ್ನೋದನ್ನು ಮರೆಯಬೇಡಿ. ನಮ್ಮಲ್ಲಿ ಅಷ್ಟು ಜನರ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. ಹಾಗಾಗಿ ಕೆಫೆಯೇ ನಮ್ಮ ಲ್ಯಾನ್ ಪಾರ್ಟಿ.

ನವನಗರದಲ್ಲಾಗಲಿ ವಿದ್ಯಾಗಿರಿಯಲ್ಲಾಗಲಿ ಅಂಥ ಕೆಫೆಯ ನಕ್ಷೆ ಹೆಚ್ಚುಕಮ್ಮಿ ಒಂದೇ. ಕಾಂಪ್ಲೆಕ್ಸಿನ ಮಹಡಿ, ಬಾಗಿಲಾಚೆ ಚಪ್ಪಲಿ ರಾಶಿ, ಎರಡು ಸಾಲು ಕಂಪ್ಯೂಟರ್, ಏಪ್ರಿಲ್ ಸೆಖೆಯಲ್ಲಿ ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನು. ಕಾಲ ಕೆಳಗೆ ನೀಲಿ ಕೇಬಲ್ಲುಗಳು. ಒಂದು ಕೇಬಲ್ ಕೈಕೊಟ್ಟರೆ ಮಾಲೀಕರು ಕ್ರಿಂಪಿಂಗ್ ಟೂಲ್ ತಂದು ಕೂರುತ್ತಿದ್ದರು. ಎಂಟು ತಂತಿ, ಅವನ್ನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಅಂತ ಸಾಲಾಗಿ ಜೋಡಿಸಿ, ತುದಿ ಸಮ ಮಾಡಿ ಕತ್ತರಿಸಿ, ಪುಟ್ಟ ಪ್ಲಾಸ್ಟಿಕ್ ಕನೆಕ್ಟರಿನೊಳಗೆ ತೂರಿಸಿ ಕಟಕ್ ಅಂತ ಒತ್ತಬೇಕು. ಬಣ್ಣ ಅದಲುಬದಲಾದರೆ ಆ ಸೀಟು ಸತ್ತರೂ ಸತ್ತೀತು. ಅದು ಸರಿಯಾಗುವ ತನಕ ಹಿಂದೆ ನಿಂತವರ ಗೋಳು ಕೇಳಬೇಕಿತ್ತು.

ಆಟ ಶುರುವಾದ ಮೇಲಂತೂ ಬಾಯಿಗಳೇ ಜಾಸ್ತಿ ಕೆಲಸ ಮಾಡುತ್ತಿದ್ದವು. "ಲೇ, ಟನಲ್‌ನ್ಯಾಗ ಇಬ್ಬರ ಅದಾರ, ಹೋಗಬ್ಯಾಡ" ಅಂತ ಒಬ್ಬ. ಅದನ್ನು ಎದುರಿನ ಸಾಲಿನವರೂ ಕೇಳಿಸಿಕೊಂಡು ಟನಲ್ ಬಿಟ್ಟು ಓಡುವವರು. ಕೌಂಟರ್ ಸ್ಟ್ರೈಕಿನಲ್ಲಿ ಸತ್ತವನು ಆ ಸುತ್ತು ಮುಗಿಯುವ ತನಕ ಸುಮ್ನೆ ನೋಡುತ್ತಾ ಕೂರಬೇಕು. ಸತ್ತವರು ಮಾತಾಡಬಾರದು ಅಂತ ಎಲ್ಲ ಕೆಫೆಯಲ್ಲೂ ನಿಯಮ ಇತ್ತು. ಅದನ್ನು ಯಾರೂ ಪಾಲಿಸುತ್ತಿರಲಿಲ್ಲ. ಪಕ್ಕದವನ ಸ್ಕ್ರೀನಿಗೆ ಕಣ್ಣು ಹಾಯಿಸುವುದು, ಸಿಕ್ಕಿಬಿದ್ದು ಬೈಸಿಕೊಳ್ಳುವುದು ಇದ್ದದ್ದೇ. ಮಾಲೀಕರು "ತಾಸ ಮುಗೀತ್ರೆಪಾ, ಏಳ್ರಿ" ಅಂದರೆ "ಅಣ್ಣಾ, ಇದೊಂದ ರೌಂಡ್ ರೀ" ಅನ್ನುವ ಉತ್ತರ ರೆಡಿ. ಕರೆಂಟ್ ಹೋದರೆ ಸೋಲುತ್ತಿದ್ದ ತಂಡಕ್ಕೆ ಜೀವ ಬಂದಂತೆ. ಯಾರು ಗೆಲ್ಲುತ್ತಿದ್ದರು ಅನ್ನುವ ಜಗಳ ಕೆಳಗಿನ ಗಾಡಿಯ ಗಿರಮಿಟ್, ಮಿರ್ಚಿ ಭಜಿ ಮುಗಿದರೂ ಮುಗಿಯುತ್ತಿರಲಿಲ್ಲ.

ಹಾಗಾದರೆ ನಿಂತದ್ದು ಯಾಕೆ? ಜನರಿಗೆ ಬೇಜಾರಾಗಿ ಅಂತೂ ಅಲ್ಲ. ಒಟ್ಟಿಗೆ ಸೇರುವ ಅನಿವಾರ್ಯವೇ ಹೋಯಿತು. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದ ಮೇಲೆ ಕೈಯಲ್ಲಿದ್ದ ಫೋನಿಗೇ ಅಗ್ಗದ ಡೇಟಾ ಬಂತು. ಕೆಫೆಯವರಿಗೆ ಅದಕ್ಕೂ ಮುಂಚೆಯೇ ಕಷ್ಟ ಇತ್ತು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರ್ ಬರೆದು ಒಂದು ವರ್ಷ ಇಟ್ಟುಕೊಳ್ಳಬೇಕು, ಗುರುತಿನ ಚೀಟಿ ಇಲ್ಲದ ಚಿಕ್ಕ ಹುಡುಗರ ಜೊತೆ ದೊಡ್ಡವರು ಇರಬೇಕು. ಹೈಸ್ಕೂಲು ಹುಡುಗ ಗೇಮ್ ಆಡೋಕೆ ಅಪ್ಪನನ್ನು ಕರೆದುಕೊಂಡು ಬರುತ್ತಾನಾ? ಆ ಕೆಫೆಗಳು ಎಷ್ಟೋ ಈಗ ಜೆರಾಕ್ಸ್, ಆಧಾರ್ ಪ್ರಿಂಟು, ಸೇವಾ ಸಿಂಧು ಅರ್ಜಿ ತುಂಬುವ ಅಂಗಡಿಗಳಾಗಿವೆ.

ಇನ್ನೊಂದು ಕಾರಣ ಇದೆ, ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಗೇಮ್ ಮಾಡುವ ಕಂಪನಿಗಳೇ ಲ್ಯಾನ್ ಬಾಗಿಲು ಮುಚ್ಚಿದವು. 1998ರ ಸ್ಟಾರ್‌ಕ್ರಾಫ್ಟನ್ನು ಇಂಟರ್‌ನೆಟ್ಟಿಲ್ಲದೆ ಕೇಬಲ್ ಹಾಕಿ ಆಡಬಹುದಿತ್ತು. 2010ರಲ್ಲಿ ಸ್ಟಾರ್‌ಕ್ರಾಫ್ಟ್ 2 ಬಂದಾಗ ಲ್ಯಾನ್ ಆಯ್ಕೆಯನ್ನೇ ತೆಗೆದಿದ್ದರು. ಪಕ್ಕದವನ ಜೊತೆ ಆಡಬೇಕಾದರೂ ಕಂಪನಿಯ ಸರ್ವರ್ ಮೂಲಕವೇ ಹೋಗಬೇಕು. ನಕಲಿ ಕಾಪಿಗೆ ಕಡಿವಾಣ ಹಾಕುವುದು ಅವರ ಒಂದು ವಾದ. ಅದರಲ್ಲಿ ಸುಳ್ಳೇನೂ ಇಲ್ಲ, ಒಂದೇ ಪೆನ್‌ಡ್ರೈವ್ ಇಡೀ ಹಾಸ್ಟೆಲ್ ಸುತ್ತುತ್ತಿದ್ದದ್ದು ಎಲ್ಲರಿಗೂ ಗೊತ್ತು. ಆದರೆ ದುಡ್ಡು ಕೊಟ್ಟು ತಂದವನಿಗೂ ಅದೇ ಶಿಕ್ಷೆ ಆಯಿತು. ನನ್ನ ಪ್ರಕಾರ ಫೋನಿಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಇದು. ಜನ ಮತ್ತೆ ಸೇರೋಣ ಅಂದುಕೊಂಡರೂ ಎಷ್ಟೋ ಹೊಸ ಗೇಮ್‌ಗಳು ಬಿಡುತ್ತಿಲ್ಲ.

ಇದರ ತಮಾಷೆ ನಿಮ್ಮ ಹಾಸ್ಟೆಲಿನಲ್ಲೇ ನೋಡಬಹುದು. ಇಬ್ಬರು ಒಂದೇ ಮಂಚದ ಮೇಲೆ ಕೂತು ಫೋನಿನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡುತ್ತಾರೆ. ಒಬ್ಬ ಒತ್ತಿದ ಬಟನ್ನಿನ ಸುದ್ದಿ ವಿದ್ಯಾಗಿರಿಯ ಟವರ್ ಹತ್ತಿ, ಯಾವುದೋ ದೂರದ ಊರಿನ ಡೇಟಾ ಸೆಂಟರ್ ಮುಟ್ಟಿ, ಅದೇ ಮಂಚಕ್ಕೆ ವಾಪಸ್ ಬರುತ್ತದೆ. ಆ ಪಯಣಕ್ಕೆ ಹಿಡಿಯುವ ಹೊತ್ತು ಈಗ ತೊಂದರೆ ಕೊಡುವಷ್ಟಿಲ್ಲ. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬಾಗಲಕೋಟೆಯಿಂದ ಮುಂಬೈ ನೇರ ಗೆರೆಯಲ್ಲಿ 450 ಕಿಲೋಮೀಟರ್ ಆಸುಪಾಸು, ಹೋಗಿ ಬರಲು ಐದು ಮಿಲಿಸೆಕೆಂಡ್ ಸಾಕು. ದಾರಿಯಲ್ಲಿನ ರೂಟರ್, ಟವರ್ ಎಲ್ಲ ಸೇರಿ ನಿಜದಲ್ಲಿ ಅದರ ಹಲವು ಪಟ್ಟು ಆಗುತ್ತದೆ, ಆದರೂ ಆಡಬಹುದು.

ಪಿಂಗ್ ಸಮಸ್ಯೆ ಬಗೆಹರಿಯಿತು. ಮಾತಿನದು ಬಗೆಹರಿಯಲಿಲ್ಲ. ನೀವು ಕೇಳಿದ ಮಜಾ ಇರುವುದು ಇಲ್ಲೇ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಮೀಟರ್ ಆಚೆ ಕೂತವನ ನಗು ನಿಮಗೆ ಒಂಬತ್ತು ಮಿಲಿಸೆಕೆಂಡಿನಲ್ಲಿ ಕೇಳುತ್ತದೆ. ನೆಟ್ಟಿನಲ್ಲಿ ದನಿಯನ್ನು ತುಂಡು ಮಾಡಿ, ಕುಗ್ಗಿಸಿ, ಕಳಿಸಿ, ಆಚೆ ಮತ್ತೆ ಜೋಡಿಸಬೇಕು. ಫೋನ್ ಮಾತಿಗೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೇದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಮಾತಿಗೆ ಅಷ್ಟು ಸಾಕು. ಆದರೆ ಆರು ಜನ ಒಮ್ಮೆಲೇ ಹೋ ಅಂತ ಕೂಗಿದಾಗ ವಾಯ್ಸ್ ಚಾಟ್ ಕಲಸುಮೇಲೋಗರವಾಗುತ್ತದೆ. ಗದ್ದಲ ಅಂತ ಸಾಫ್ಟ್‌ವೇರ್ ಅದನ್ನು ಕತ್ತರಿಸಿಯೂ ಹಾಕುತ್ತದೆ. ರೂಮಿನಲ್ಲಿ ಅದೇ ಗದ್ದಲಕ್ಕೆ ನೀವು ಹೋಗಿರುತ್ತೀರಿ, ಅಲ್ವಾ?

ಮತ್ತೆ, ಆನ್‌ಲೈನಿನಲ್ಲಿ ನಿಮ್ಮನ್ನು ಕೊಂದವನು ಒಂದು ಹೆಸರು, ಅಷ್ಟೇ. ಎರಡು ನಿಮಿಷದಲ್ಲಿ ಇಬ್ಬರೂ ಬೇರೆ ಬೇರೆ ಆಟದಲ್ಲಿ ಇರುತ್ತೀರಿ. ಕೆಫೆಯಲ್ಲಿ ನಿಮ್ಮನ್ನು ಕೊಂದವನು ಮರುದಿನ ಅದೇ ಬೆಂಚಿನಲ್ಲಿ ಪಕ್ಕ ಕೂರುತ್ತಾನೆ. ಸೋತರೆ ಸಿಟ್ಟಿನಲ್ಲಿ ಎದ್ದು ಹೋಗುವುದೂ ಕಷ್ಟ, ಬೈಕು ಅವನದೇ ಆಗಿರುತ್ತದೆ. ಬೈಗುಳದ ಹದವೂ ಇದರಿಂದಲೇ ನಿಲ್ಲುತ್ತಿತ್ತು. ಮುಖ ಕಾಣದವನಿಗೆ ಆನ್‌ಲೈನಿನಲ್ಲಿ ಬರುವ ಹೊಲಸು ಮಾತು ಕೆಫೆಯಲ್ಲಿ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಬಂದರೆ ಮೆಟ್ಟಿಲ ಕೆಳಗೆ ವಿಚಾರಣೆ ಆಗುತ್ತಿತ್ತು.

(ಇದಕ್ಕೂ ಮುಂಚಿನ ಟಿವಿ ಗೇಮ್ ಕಾಲವನ್ನು ಬಿಟ್ಟರೆ ತಪ್ಪಾಗುತ್ತದೆ. ಒಂದು ಟಿವಿ, ಎರಡು ರಿಮೋಟು, ಕಾಂಟ್ರಾ ಕ್ಯಾಸೆಟ್ಟು. ಅಣ್ಣನ ಜೀವ ಮುಗಿದರೆ ತಮ್ಮನ ಜೀವ ಕದಿಯುವ ಸೌಲಭ್ಯ ಅದರಲ್ಲಿತ್ತು. ಎಷ್ಟೋ ಮನೆಗಳಲ್ಲಿ ಅವ್ವ ಟಿವಿ ಸ್ವಿಚ್ಚು ತೆಗೆದದ್ದು ಅದೇ ಕಾರಣಕ್ಕೆ.)

ಪೂರ್ತಿ ಸತ್ತಿದೆ ಅನ್ನುವುದೂ ಸರಿಯಲ್ಲ. ಡ್ರೀಮ್‌ಹ್ಯಾಕಿಗೆ ಈಗಲೂ ಜನ ಕಂಪ್ಯೂಟರ್ ಹೊತ್ತು ಹೋಗುತ್ತಾರೆ. ಕ್ವೇಕ್‌ಕಾನ್ ಕೊರೊನಾ ಕಾಲದಲ್ಲಿ ಆನ್‌ಲೈನಿಗೆ ಹೋಗಿ, 2023ರಲ್ಲಿ ಮತ್ತೆ ಸಭಾಂಗಣಕ್ಕೆ ಬಂತು. ನಮ್ಮ ಕಡೆ ಮಿನಿ ಮಿಲಿಷಿಯಾ ಅನ್ನುವ ಫೋನ್ ಗೇಮ್ ಇದೇ ಕೆಲಸ ಮಾಡಿತು. ಒಬ್ಬ ಹಾಟ್‌ಸ್ಪಾಟ್ ಹಾಕಿದರೆ ಅವನ ಫೋನೇ ಸರ್ವರ್, ಡೇಟಾ ಬೇಕಿಲ್ಲ, ಹಿಂದಿನ ಬೆಂಚು ಪೂರ್ತಿ ಆಟದಲ್ಲಿ. ಕೇಬಲ್ ಇಲ್ಲ ಅನ್ನೋದು ಬಿಟ್ಟರೆ ಅದು ಪಕ್ಕಾ ಲ್ಯಾನ್ ಪಾರ್ಟಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಾಲ್ಕೈದು ಲ್ಯಾಪ್‌ಟಾಪ್ ಇದ್ದರೆ ಸಾಕು. ಹಾಸ್ಟೆಲ್ ವೈಫೈ ನೆಚ್ಚಿಕೊಳ್ಳಬೇಡಿ. ಅಂಥ ನೆಟ್‌ವರ್ಕುಗಳಲ್ಲಿ ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ತಡೆದಿರುವುದು ಸಾಮಾನ್ಯ. ಎಲ್ಲರಿಗೂ ನೆಟ್ ಬರುತ್ತದೆ, ಆದರೆ ಪಕ್ಕದವನ ಗೇಮ್ ಲಿಸ್ಟಿನಲ್ಲಿ ಬರುವುದೇ ಇಲ್ಲ. ಮನೆಯಲ್ಲಿ ಬಿದ್ದಿರುವ ಹಳೇ ವೈಫೈ ರೂಟರ್ ತನ್ನಿ. ಅದಕ್ಕೆ ಇಂಟರ್‌ನೆಟ್ ಸಂಪರ್ಕ ಬೇಕಿಲ್ಲ, ಕರೆಂಟ್ ಕೊಟ್ಟರೆ ಸಾಕು. ಹಿಂದೆ ಸಾಮಾನ್ಯವಾಗಿ ನಾಲ್ಕು ಲ್ಯಾನ್ ಪೋರ್ಟ್ ಇರುತ್ತವೆ, ಕೇಬಲ್ ಇದ್ದವರು ಅಲ್ಲಿಗೆ ಚುಚ್ಚಿ, ಉಳಿದವರು ವೈಫೈಗೆ ಬನ್ನಿ.

ಗೇಮ್ ವಿಷಯಕ್ಕೆ ಬಂದರೆ, ಹಳೇ ಲ್ಯಾಪ್‌ಟಾಪಿಗೂ ನಡೆಯುವ, ದುಡ್ಡು ಕೊಡಬೇಕಿಲ್ಲದ ಓಪನ್ ಸೋರ್ಸ್ ಗೇಮ್‌ಗಳಿವೆ. ಓಡಿ ಓಡಿ ಹೊಡೆಯಬೇಕು ಅಂದರೆ ಜೋನಾಟಿಕ್. ಊರು ಕಟ್ಟಿ ಸೈನ್ಯ ಬೆಳೆಸಬೇಕು ಅಂದರೆ 0 ಎ.ಡಿ. ಇದರಲ್ಲಿ ಮೌರ್ಯರೂ ಇದ್ದಾರೆ, ಆನೆ ಸಮೇತ. ಮೈನ್‌ಕ್ರಾಫ್ಟ್ ಜಾವಾ ಎಡಿಷನ್ ಇದ್ದವರಿಗೆ ಮೆನುವಿನಲ್ಲೇ ಲ್ಯಾನಿಗೆ ತೆರೆಯುವ ಆಯ್ಕೆ ಸಿಗುತ್ತದೆ. ಎಲ್ಲರ ಹತ್ತಿರ ಒಂದೇ ವರ್ಷನ್ ಇರಲಿ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಬ್ಬರ ಗೇಮ್ ಕಾಣದಿದ್ದರೆ ಹತ್ತಕ್ಕೆ ಒಂಬತ್ತು ಸಲ ವಿಂಡೋಸ್ ಫೈರ್‌ವಾಲ್ ತಡೆದಿರುತ್ತದೆ. ನೆಟ್‌ವರ್ಕ್ ಪ್ರೊಫೈಲನ್ನು ಪಬ್ಲಿಕ್‌ನಿಂದ ಪ್ರೈವೇಟ್‌ಗೆ ಬದಲಿಸಿ, ಗೇಮಿಗೆ ಅನುಮತಿ ಕೊಡಿ.

ಎಕ್ಸ್‌ಟೆನ್ಷನ್ ಬೋರ್ಡು ಎರಡಾದರೂ ಇರಲಿ. ಇಯರ್‌ಫೋನ್ ತರಬೇಡಿ. ನಿಮ್ಮ ಅಣ್ಣನನ್ನೂ ಕರೆಯಿರಿ. ಇಷ್ಟು ವರ್ಷದ ಕಥೆಯಲ್ಲಿ ಎಷ್ಟು ನಿಜ ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ.