ಎತ್ತರ ಸರಿಯಿದ್ದರೂ ಗಾಡಿ ಕುಕ್ಕುತ್ತಿದೆಯಾ? ಪ್ರೆಶರ್ ನೋಡಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜ್ ಕೆಲಸ ಅಂದರೆ ಲ್ಯಾಂಡ್ ಕ್ರೂಸರ್ ತಪ್ಪಿದ್ದಲ್ಲ. ಅದರಲ್ಲೂ 100 ಸೀರೀಸ್ ಮತ್ತು ಅದೇ ಮೈಕಟ್ಟಿನ ಲೆಕ್ಸಸ್ ಎಲ್‌ಎಕ್ಸ್ 470. ಹಳೇ ಗಾಡಿಗಳು, ಆದರೂ ಗಟ್ಟಿಮುಟ್ಟು. ಇವುಗಳಲ್ಲಿ ಎಎಚ್‌ಸಿ (ಆಕ್ಟಿವ್ ಹೈಟ್ ಕಂಟ್ರೋಲ್) ಸಸ್ಪೆನ್ಷನ್ ಇರುವವು, ಅಂದರೆ ಬಟನ್ ಒತ್ತಿದರೆ ಏರಿ ಇಳಿಯುವವು, ಬಂದಾಗ ದೂರು ಹೆಚ್ಚಾಗಿ ಒಂದೇ. ಹಂಪ್ ಹಾರಿಸಿದರೆ ಸೊಂಟ ಹೋಗುತ್ತದೆ, ಪಂಪ್ ಹೋಗಿದೆ ಅನ್ನಿಸುತ್ತೆ ನೋಡಿ.

ಪಂಪ್ ಹೋಗಿರುವುದು ಅಪರೂಪ.

ಮೊದಲು ಇದು ಏರ್ ಸಸ್ಪೆನ್ಷನ್ ಅಲ್ಲ ಅನ್ನುವುದು ತಲೆಯಲ್ಲಿರಲಿ. ಇಲ್ಲಿ ಗಾಳಿಚೀಲ ಇಲ್ಲ, ಎಣ್ಣೆ ಇದೆ. ಮುಂದೆ ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸರಳು, ಹಿಂದೆ ಕಾಯಿಲ್ ಸ್ಪ್ರಿಂಗ್, ಗಾಡಿಯ ಭಾರದ ದೊಡ್ಡ ಪಾಲು ಇವುಗಳ ಮೇಲೆ. ಉಳಿದದ್ದನ್ನು ಎಣ್ಣೆ ಹೊರುತ್ತದೆ. ಪ್ರತಿ ಚಕ್ರಕ್ಕೂ ಒಂದು ಕಬ್ಬಿಣದ ಗೋಳ, ಒಳಗೆ ರಬ್ಬರ್ ಪರದೆ, ಪರದೆಯ ಆಚೆ ನೈಟ್ರೋಜನ್. ಎಣ್ಣೆ ಒತ್ತಿದಾಗ ಆ ಗ್ಯಾಸ್ ಕುಗ್ಗಿ ಹಿಗ್ಗುವುದರಿಂದಲೇ ಗಾಡಿ ಮೆತ್ತಗೆ ಓಡುವುದು.

ಈಗ ವಿಷಯಕ್ಕೆ ಬರೋಣ. ಸ್ಪ್ರಿಂಗ್ ವರ್ಷಗಳಾದ ಮೇಲೆ ಕೂತೇ ಕೂರುತ್ತದೆ, ಅಲ್ವಾ? ಮಾಮೂಲಿ ಗಾಡಿಯಲ್ಲಾದರೆ ಹಿಂಭಾಗ ಇಳಿದದ್ದು ಕಣ್ಣಿಗೇ ಕಾಣುತ್ತದೆ. ಎಎಚ್‌ಸಿ ಗಾಡಿಯಲ್ಲಿ ಕಾಣುವುದಿಲ್ಲ. ಸ್ವಲ್ಪ ಇಳಿಯಿತು ಅಂತ ಸೆನ್ಸರ್ ಹೇಳಿದ ಕೂಡಲೇ ಪಂಪ್ ಇನ್ನಷ್ಟು ಎಣ್ಣೆ ತಳ್ಳಿ ಎತ್ತರ ಸರಿ ಮಾಡುತ್ತದೆ, ಹೀಗೆ ವರ್ಷಗಟ್ಟಲೆ ನಡೆದು ಕೊನೆಗೆ ಹೊರೆ ಹೊರುವ ಜೊತೆಗಾರ ಸುಸ್ತಾದರೆ ಪೂರ್ತಿ ಭಾರ ಇನ್ನೊಬ್ಬನ ತಲೆಗೆ ಬರುವ ಹಾಗೆ ಎಣ್ಣೆಯ ಒತ್ತಡ ಏರಿ ಕೂರುತ್ತದೆ. ಒತ್ತಡ ಜಾಸ್ತಿ ಆದರೆ ಗೋಳದ ಗ್ಯಾಸ್ ಮೊದಲೇ ಹಿಂಡಿಹೋಗಿರುತ್ತದೆ. ಆಮೇಲೆ ಹಂಪ್ ಸಿಕ್ಕರೆ ಅದು ಇನ್ನೆಲ್ಲಿಗೆ ಕುಗ್ಗಬೇಕು?

ಹಾಗಾಗಿ ಗಾಡಿ ಬಂದಾಗ ನಾನು ಮೊದಲು ತೆರೆಯುವುದು ಬಾನೆಟ್. ಎಎಚ್‌ಸಿ ಟ್ಯಾಂಕ್ ಮೈಮೇಲೆ ಗೆರೆಗಳಿರುತ್ತವೆ. ಸಮತಟ್ಟು ಜಾಗದಲ್ಲಿ ಇಂಜಿನ್ ಚಾಲೂ ಇಟ್ಟು (ಬಟನ್‌ಗೆ ಲೋ, ನಾರ್ಮಲ್, ಹೈ ಅಂತ ಮೂರು ಎತ್ತರ) ಗಾಡಿಯನ್ನು ಹೈಗೆ ಏರಿಸಿ ಎಣ್ಣೆ ಯಾವ ಗೆರೆಯಲ್ಲಿದೆ ನೋಡಿಕೊಳ್ಳಿ, ಆಮೇಲೆ ಲೋಗೆ ಇಳಿಸಿ ಮತ್ತೆ ನೋಡಿ. ಇಳಿದಾಗ ಎಣ್ಣೆ ಟ್ಯಾಂಕಿಗೆ ವಾಪಸ್ ಬಂದು ಮಟ್ಟ ಏರುತ್ತದೆ. ಗೋಳಗಳು ಹೊಸದಾಗಿದ್ದರೆ ವ್ಯತ್ಯಾಸ ಸುಮಾರು 14 ಗೆರೆ. 7ರ ಆಸುಪಾಸಿಗೆ ಬಂತು ಅಂದರೆ ಗ್ಯಾಸ್ ಸೋರಿಹೋಗಿದೆ, ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಶಕ್ತಿ ಇಲ್ಲ. ನಾಲ್ಕೂ ಗೋಳ ಬದಲಿಸಬೇಕು. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡಿಸಿಕೊಂಡು ಬಂದವರು ಕಡಿಮೆ.

ಗೆರೆ ಚೆನ್ನಾಗಿದ್ದರೆ ಸ್ಕ್ಯಾನರ್ ಹಾಕಿ ಒತ್ತಡ ಓದಿ. ಅದಕ್ಕೂ ಮುಂಚೆ ಟೇಪ್ ಹಿಡಿದು ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ. ನಾರ್ಮಲ್‌ನಲ್ಲಿ ಮುಂದೆ ಸುಮಾರು 50 ಸೆಂ.ಮೀ., ಹಿಂದೆ 52. ಎತ್ತರ ತಪ್ಪಿದ್ದರೆ ಒತ್ತಡದ ಲೆಕ್ಕವೂ ತಪ್ಪು. ಮುಂದಿನ ಒತ್ತಡ 6.9ರಿಂದ 7.4 ಮೆಗಾಪ್ಯಾಸ್ಕಲ್ ಒಳಗಿರಬೇಕು, ಹಿಂದಿನದು 5.6ರಿಂದ 6.7. ಮುಂದೆ ಜಾಸ್ತಿ ಬಂದರೆ ಟಾರ್ಶನ್ ಬಾರ್ ಬೋಲ್ಟ್ ಬಿಗಿ ಮಾಡಿ, ಒಂದು ಪೂರ್ತಿ ಸುತ್ತಿಗೆ ಸುಮಾರು 0.2 ಇಳಿಯುತ್ತದೆ. ಹಿಂದೆ ಜಾಸ್ತಿ ಬಂದರೆ ತಿರುಗಿಸಲು ಬೋಲ್ಟ್ ಇಲ್ಲ. ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸಿ, ಇಲ್ಲವೇ ಸ್ಪ್ರಿಂಗನ್ನೇ ಬದಲಿಸಿ. ಕೆಲವೊಮ್ಮೆ ಇಷ್ಟಕ್ಕೇ ಗಾಡಿ ಮೆತ್ತಗಾಗಿ, ಇನ್ನೇನೂ ಬಿಚ್ಚುವ ಕೆಲಸವೇ ಬರುವುದಿಲ್ಲ.

ಗಾಡಿ ಒಂದೇ ಎತ್ತರದಲ್ಲಿ ಸಿಕ್ಕಿಹಾಕಿಕೊಂಡು ಡ್ಯಾಶ್‌ನಲ್ಲಿ ಆಫ್ ದೀಪ ಮಿಣುಕುತ್ತಿದ್ದರೆ ಅದು ಬೇರೆ ಕಥೆ. ಎತ್ತರದ ಸೆನ್ಸರ್ ಮೂರು, ಮುಂದೆ ಎರಡು, ಹಿಂದೆ ಒಂದು. ಅವುಗಳ ಸಣ್ಣ ಲಿಂಕ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಇಲ್ಲವೇ ಒಳಗಿನ ಸ್ಲೈಡರ್ ಸವೆಯುತ್ತದೆ. ಸ್ಕ್ಯಾನರ್ ಇಲ್ಲದಿದ್ದರೆ ಒಬಿಡಿ ಸಾಕೆಟ್‌ನ (ಸ್ಕ್ಯಾನರ್ ಚುಚ್ಚುವ ಜಾಗ) 4 ಮತ್ತು 13ನೇ ಪಿನ್‌ಗಳ ನಡುವೆ ವೈರ್ ಹಾಕಿ ಇಗ್ನಿಷನ್ ಆನ್ ಮಾಡಿ. ಆ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. ಇನ್ನು ಹೈನಲ್ಲಿಟ್ಟ ಗಾಡಿ ಗಂಟೆಗೆ 30 ಕಿ.ಮೀ. ದಾಟಿದರೆ ತಾನಾಗಿ ಇಳಿಯುತ್ತದೆ. ಅದು ದೋಷ ಅಲ್ಲ, ಸುಮ್ನೆ ಗ್ಯಾರೇಜಿಗೆ ಬರಬೇಡಿ.

ಎಣ್ಣೆ ಕಪ್ಪಾಗಿದ್ದರೆ ಬದಲಿಸಿ. ಎಎಚ್‌ಸಿ ಫ್ಲೂಯಿಡ್ 2.5 ಲೀಟರ್ ಡಬ್ಬಿಯಲ್ಲಿ ಬರುತ್ತದೆ, ಅದನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲ್‌ಗಳು ಊದಿಕೊಂಡು ಕೆಲಸ ಹತ್ತು ಪಟ್ಟಾಗುತ್ತದೆ. ಹಳೇ ಎಣ್ಣೆ ಹೊರಬಿಡುವ ಬ್ಲೀಡ್ ಸ್ಕ್ರೂ ತೆಗೆಯುವ ಮುಂಚೆ ಗಾಡಿ ಲೋನಲ್ಲಿರಲಿ, ಇಂಜಿನ್ ಬಂದ್ ಇರಲಿ, ಆಕ್ಸಲ್ ಸ್ಟ್ಯಾಂಡ್ ಇಲ್ಲದೆ ಕೆಳಗೆ ನುಗ್ಗಬೇಡಿ. ಏರಿದ ಗಾಡಿಯಲ್ಲಿ ಸ್ಕ್ರೂ ಸಡಿಲ ಮಾಡಿದರೆ ಎಣ್ಣೆ ಚಿಮ್ಮುವುದಷ್ಟೇ ಅಲ್ಲ, ಗಾಡಿ ನಿಮ್ಮ ಮೇಲೇ ಕೂರುತ್ತದೆ.

ಎಲ್ಲ ಕಿತ್ತು ಮಾಮೂಲಿ ಶಾಕ್ ಹಾಕಿಸಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ಪೈಪುಗಳು ತುಕ್ಕು ತಿಂದು, ಪಂಪ್ ಕೂಡ ಸತ್ತಿದ್ದರೆ ನಾನೂ ಹೂಂ ಅನ್ನುತ್ತೇನೆ. ಆದರೆ ಒಂದು ವಿಷಯ ಕೇಳಿ ಮುಂದುವರಿಯಿರಿ: ಟಾರ್ಶನ್ ಬಾರ್ ಮತ್ತು ಹಿಂದಿನ ಸ್ಪ್ರಿಂಗ್ ಕೂಡ ಬದಲಿಸುತ್ತೀರಾ ಅಂತ. ಎಎಚ್‌ಸಿ ಗಾಡಿಯ ಬಾರ್ ತೆಳು, ಸ್ಪ್ರಿಂಗ್ ಮೆದು, ಏಕೆಂದರೆ ಭಾರದಲ್ಲಿ ಎಣ್ಣೆಗೂ ಪಾಲಿತ್ತು. ಬರೀ ಶಾಕ್ ಹಾಕಿ ಕಳಿಸಿದರೆ ಗಾಡಿ ಮೂತಿ ನೆಲಕ್ಕೆ ಇಟ್ಟುಕೊಂಡೇ ಓಡುತ್ತದೆ.