ಗಿಳಿ ಕಚ್ಚದಿರಲು ಬೆರಳಿಗೆ ಖಾರ ಹಚ್ಚಬಹುದಾ?

ಪ್ರಶ್ನೆ: ನಮ್ಮ ಸನ್ ಕನ್ಯೂರ್ ಗಿಳಿಗೆ ಏಳು ತಿಂಗಳು. ಕೈ ಹತ್ತಿರ ತಂದರೆ ಸಾಕು, ರಕ್ತ ಬರೋ ಹಾಗೆ ಕಚ್ಚುತ್ತೆ. ಬೆರಳಿಗೆ ಖಾರದಪುಡಿ ಹಚ್ಚಿಕೊಂಡರೆ ಬುದ್ಧಿ ಬರುತ್ತೆ ಅಂತ ಹಕ್ಕಿ ಅಂಗಡಿಯವರು ಹೇಳಿದರು. ಹಚ್ಚಬಹುದಾ?

ಹಚ್ಚಿಕೊಳ್ಳಿ. ಗಿಳಿಗೆ ಏನೂ ಆಗುವುದಿಲ್ಲ. ಅದೇ ಕೈಯಲ್ಲಿ ಕಣ್ಣುಜ್ಜಿದರೆ ನಿಮಗೆ ಆಗುತ್ತದೆ, ಅಷ್ಟೇ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಒಬ್ಬರು ಖಾರದಪುಡಿ ಅಂತಾರೆ, ಇನ್ನೊಬ್ಬರು ಬೇವಿನೆಣ್ಣೆ, ಮತ್ತೊಬ್ಬರು ಹಾಗಲಕಾಯಿ ರಸ. ಇದೆಲ್ಲ ಬೆರಳು ಚೀಪುವ ಮಗುವಿಗೆ ಅಜ್ಜಿಯರು ಮಾಡುತ್ತಿದ್ದ ಉಪಾಯ. ಮಗುವಿಗೆ ನಾಟಿದ್ದು ಗಿಳಿಗೂ ನಾಟಬೇಕಲ್ವಾ ಅನ್ನುವ ಲೆಕ್ಕಾಚಾರ. ಲೆಕ್ಕ ಬುಡದಲ್ಲೇ ತಪ್ಪಿದೆ. ಯಾಕೆ ಅಂತ ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಗಿಳಿಗೆ ಹಸಿಮೆಣಸಿನಕಾಯಿ ಇಷ್ಟ ಅಂತ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕಾಲಲ್ಲಿ ಹಿಡಿದು, ಬೀಜದ ಸಮೇತ ಆರಾಮಾಗಿ ತಿನ್ನುತ್ತದೆ. ಅದನ್ನು ಕಣ್ಣಾರೆ ನೋಡಿದವರೇ ಬೆರಳಿಗೆ ಖಾರ ಹಚ್ಚಿಕೊಂಡು ಗಿಳಿಯ ಮುಂದೆ ನಿಲ್ಲುತ್ತಾರೆ! ಇಷ್ಟು ವರ್ಷವಾದರೂ ನನಗೆ ಇದು ಅರ್ಥವಾಗಿಲ್ಲ.

ಖಾರ ಅನ್ನುವುದು ಉಪ್ಪು, ಹುಳಿಯ ಹಾಗೆ ರುಚಿ ಅಲ್ಲ. ಅದು ಉರಿ. ನಮ್ಮ ನರಗಳಲ್ಲಿ ಬಿಸಿ ತಾಗಿದ್ದನ್ನು ತಿಳಿಸುವ ಒಂದು ಪ್ರೋಟೀನ್ ಇದೆ, ಹೆಸರು ಟಿಆರ್‌ಪಿವಿ1. ಸುಮಾರು 43 ಡಿಗ್ರಿ ದಾಟಿದರೆ ಅದು 'ಸುಡ್ತಿದೆ' ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಇದಕ್ಕೆ ಬಂದು ಅಂಟಿಕೊಂಡರೆ, ಬಿಸಿಯೇ ಇಲ್ಲದಿದ್ದರೂ ಅದೇ ಸುದ್ದಿ ಹೋಗುತ್ತದೆ. ನಾವು ಉಸ್ ಉಸ್ ಅನ್ನುವುದು ಅದಕ್ಕೇ. ಈ ಪ್ರೋಟೀನನ್ನು 1997ರಲ್ಲಿ ಗುರುತಿಸಿದವರು ಅಮೆರಿಕದ ಡೇವಿಡ್ ಜೂಲಿಯಸ್ ತಂಡ. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಅದೇ ಲ್ಯಾಬ್‌ನವರು 2002ರಲ್ಲಿ ಕೋಳಿಯ ಪ್ರೋಟೀನನ್ನೂ ಪರೀಕ್ಷಿಸಿದರು. ಬಿಸಿ ತಾಗಿದರೆ ಅದು ಎಚ್ಚರವಾಗುತ್ತದೆ. ಕ್ಯಾಪ್ಸೈಸಿನ್‌ಗೆ ಮಾತ್ರ ಕ್ಯಾರೇ ಅನ್ನುವುದಿಲ್ಲ. ಹಕ್ಕಿಗಳ ಕಥೆಯೇ ಹೀಗೆ.

ಮೆಣಸಿನ ಗಿಡಕ್ಕೆ ಬೇಕಾಗಿದ್ದೂ ಇದೇ. ಇಲಿಯಂಥ ಪ್ರಾಣಿ ತಿಂದರೆ ಬೀಜ ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತದೆ. ಸಣ್ಣ ಹಣ್ಣುಬಾಕ ಹಕ್ಕಿ ನುಂಗಿದರೆ ಬೀಜ ಹಾಗೇ ಹೊರಬಂದು ಇನ್ನೆಲ್ಲೋ ಮೊಳೆಯುತ್ತದೆ. ಮಲೆನಾಡಿನವರಿಗೆ ಇದಕ್ಕೆ ವಿಜ್ಞಾನಿಗಳ ಸಾಕ್ಷಿ ಬೇಡ. ಪಿಕಳಾರ ಕೂರುವ ಮರದ ಬುಡದಲ್ಲಿ ಯಾರೂ ಬಿತ್ತದ ಸೂಜಿಮೆಣಸಿನ ಗಿಡ ಎದ್ದಿರುವುದನ್ನು ಅವರು ದಿನಾ ನೋಡುತ್ತಾರೆ.

ಇನ್ನು ಬೇವು. ಹಕ್ಕಿಗೆ ಕಹಿ ಗೊತ್ತಾಗುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅದರಿಂದ ನಿಮ್ಮ ಗಿಳಿ ಕಲಿಯುವುದೇನು? ಈ ಕೈ ಕೆಟ್ಟದ್ದು ಅಂತ. ಕೈ ಕಂಡರೆ ಹೆದರಿ ಕಚ್ಚುತ್ತಿದ್ದ ಹಕ್ಕಿಗೆ ಹೆದರಲು ಇನ್ನೊಂದು ಕಾರಣ ಕೊಟ್ಟ ಹಾಗಾಯಿತು. ಕೊಕ್ಕಿಗೆ ಬೆರಳಲ್ಲಿ ಟಪ್ ಅಂತ ಹೊಡೆಯುವುದು, ಪಂಜರ ಅಲ್ಲಾಡಿಸುವುದು, ನೀರು ಎರಚುವುದು, ಎಲ್ಲವೂ ಇದೇ ಜಾತಿ.

ಹಾಗಾದರೆ ಏನು ಮಾಡಬೇಕು? ಗಿಳಿ ಏಕಾಏಕಿ ಕಚ್ಚುವುದು ಅಪರೂಪ. ಮೊದಲು ಮೈಯಲ್ಲಿ ಹೇಳುತ್ತದೆ. ಕತ್ತಿನ ಗರಿ ಎಬ್ಬಿಸುತ್ತದೆ, ಬಾಲ ಬೀಸಣಿಗೆಯ ಹಾಗೆ ಬಿಚ್ಚುತ್ತದೆ, ಕಣ್ಣಿನ ಪಾಪೆ ಸಣ್ಣದು ದೊಡ್ಡದು ಆಗುತ್ತದೆ, ಹಿಂದೆ ಸರಿಯುತ್ತದೆ. ಆಗಲೇ ಕೈ ನಿಲ್ಲಿಸಿ. ಕಚ್ಚಿದ ಮೇಲೆ ಕೈ ಎಳೆದುಕೊಂಡರೆ 'ಕಚ್ಚಿದರೆ ಮಾತ್ರ ಇವರಿಗೆ ಅರ್ಥವಾಗುತ್ತೆ' ಅಂತ ಕಲಿಯುತ್ತದೆ. ಜೊತೆಗೆ ನೀವು 'ಅಯ್ಯಯ್ಯೋ' ಅಂತ ಕೂಗಿದರೆ ಕೆಲವು ಗಿಳಿಗಳಿಗೆ ಅದು ಬಿಟ್ಟಿ ನಾಟಕ. ನಾಳೆಯೂ ಟಿಕೆಟ್ ತಗೊಳ್ಳುತ್ತವೆ.

ಪಾಠ ಶುರು ಮಾಡುವುದು ಕೈಯಿಂದ ಅಲ್ಲ, ಕಡ್ಡಿಯಿಂದ. ಒಂದು ಉದ್ದನೆ ಕಡ್ಡಿ ಚಾಚಿ. ಗಿಳಿ ಅದನ್ನು ಕೊಕ್ಕಿನಿಂದ ಮುಟ್ಟಿದ ಕ್ಷಣ 'ಶಭಾಷ್' ಅಂದು ಒಂದು ಸೂರ್ಯಕಾಂತಿ ಬೀಜ ಕೊಡಿ. ಅಂಗಡಿಯಲ್ಲಿ ಮಿಲೆಟ್ ಸ್ಪ್ರೇ ಅಂತ ದುಬಾರಿ ಬೆಲೆಗೆ ಮಾರುವುದು ನಮ್ಮ ನವಣೆ ತೆನೆಯೇ. ಊರಲ್ಲಿ ಸಿಕ್ಕರೆ ಅದೂ ಆಗಬಹುದು, ಔಷಧಿ ಹೊಡೆಯದ ಹೊಲದ್ದಾಗಿರಲಿ. ಪಾಠದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಈ ತಿಂಡಿ ಕೊಡಬೇಡಿ. ದಿನಕ್ಕೆ ಎರಡು ಸಲ, ಐದೈದು ನಿಮಿಷ ಸಾಕು. ಕಡ್ಡಿಯ ಹಿಂದೆ ನಡೆಯಲು ಕಲಿತ ಮೇಲೆ ಕೋಲಿನ ಮೇಲೆ ಹತ್ತಿಸಿ, ಆಮೇಲೆ ಕೈ ಮೇಲೆ. ಪಂಜರದ ಒಳಗೆ ಕೈ ಹಾಕಿ ಹಿಡಿಯಲೇಬೇಡಿ, ಅದು ಅದರ ಮನೆ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಟಿವಿ ಪಕ್ಕದಲ್ಲಿ ಪಂಜರ ಇಟ್ಟು 'ಯಾಕೋ ಸಿಡುಕುತ್ತೆ' ಅಂದರೆ ನಾನೇನು ಹೇಳಲಿ?

ಅಂದಹಾಗೆ ಕನ್ಯೂರ್ ವಿದೇಶಿ ಹಕ್ಕಿ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ಹಸಿರು ಗಿಳಿಯನ್ನಂತೂ 1972ರ ವನ್ಯಜೀವಿ ಕಾಯ್ದೆಯಡಿ ಸಾಕುವ ಹಾಗೇ ಇಲ್ಲ. ಅದು ಕಚ್ಚುತ್ತೆ ಅಂತ ನನಗೆ ಬರೆಯಬೇಡಿ.

ಮೆಣಸಿನಕಾಯಿ ತಿನ್ನಲು ಕೊಡಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಧಾರಾಳವಾಗಿ ಕೊಡಿ. ಬರೀ ಬೀಜ ತಿನ್ನುವ ಗಿಳಿಗಳಿಗೆ ಎ ವಿಟಮಿನ್ ಕಮ್ಮಿಯಾಗುತ್ತದೆ, ಹಣ್ಣಾದ ಕೆಂಪು ಮೆಣಸಿನಕಾಯಿ ಅದಕ್ಕೆ ಒಳ್ಳೆಯದು. ಮಿರ್ಚಿ ಬಜ್ಜಿ ಬೇಡ. ಚಾಕೊಲೇಟ್, ಕಾಫಿ ಬೇಡ. ಬೆಣ್ಣೆಹಣ್ಣು ವಿಷ, ಒಂದು ಚೂರೂ ಬೇಡ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಾನ್‌ಸ್ಟಿಕ್ ತವಾ ಜಾಸ್ತಿ ಕಾದರೆ ಬರುವ ಹೊಗೆ ಹಕ್ಕಿಯ ಶ್ವಾಸಕೋಶಕ್ಕೆ ಹೊಕ್ಕು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ಪಂಜರ ಅಡುಗೆಮನೆಯಲ್ಲಿದ್ದರೆ ಇವತ್ತೇ ಬೇರೆ ಕೋಣೆಗೆ ಸಾಗಿಸಿ. ದೋಸೆಗೆ ಕಬ್ಬಿಣದ ಕಾವಲಿಯೇ ಇರಲಿ.