ಶಾಲಾ ಮಕ್ಕಳ ಕೀಲು ಸಡಿಲತೆ: ಬೇಟನ್ ಅಂಕವನ್ನು ಓದುವ ಬಗೆ

ಕೀಲಿನ ಚಲನೆ ಆ ವಯಸ್ಸಿನ ಸಾಮಾನ್ಯ ಮಿತಿಯನ್ನು ದಾಟಿದ್ದರೆ ಅದನ್ನು ಅತಿಚಲನಶೀಲತೆ ಎನ್ನುತ್ತೇವೆ. ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಪಟ್ಟಿಗಳಾದ ಅಸ್ಥಿರಜ್ಜುಗಳು ಮಕ್ಕಳಲ್ಲಿ ದೊಡ್ಡವರದಕ್ಕಿಂತ ಹೆಚ್ಚು ಬಳುಕುತ್ತವೆ. ಈ ಬಳುಕು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು, ಮತ್ತು ವಯಸ್ಸು ಏರಿದಂತೆ ಕಡಿಮೆಯಾಗುತ್ತದೆ. ಸಡಿಲ ಕೀಲುಗಳಿರುವ ಹೆಚ್ಚಿನ ಮಕ್ಕಳಿಗೆ ಯಾವ ನೋವೂ ಇರುವುದಿಲ್ಲವಾದ್ದರಿಂದ, ಇದು ದೇಹದ ಒಂದು ಗುಣವೇ ಹೊರತು ತಾನಾಗಿಯೇ ರೋಗವಲ್ಲ.

ಒಂಬತ್ತು ಅಂಕಗಳ ಲೆಕ್ಕ

ಈ ಸಡಿಲತೆಯನ್ನು ಎಣಿಸಲು 1973ರಲ್ಲಿ ವೈದ್ಯ ಬೇಟನ್ ಮತ್ತು ಸಂಗಡಿಗರು ರೂಪಿಸಿದ ಅಳತೆಯೇ ಇಂದಿಗೂ ಬಳಕೆಯಲ್ಲಿದೆ. ಕಿರುಬೆರಳು ಬುಡದಲ್ಲಿ ಹಿಂದಕ್ಕೆ 90 ಡಿಗ್ರಿ ಮೀರಿ ಬಾಗುವುದು, ಹೆಬ್ಬೆರಳು ಮುಂಗೈಯನ್ನು ಮುಟ್ಟುವುದು, ಮೊಣಕೈ 10 ಡಿಗ್ರಿ ಮೀರಿ ಹಿಂದಕ್ಕೆ ಹೋಗುವುದು, ಮೊಣಕಾಲು ಹಾಗೆಯೇ ಹೋಗುವುದು: ಈ ನಾಲ್ಕನ್ನು ಎಡಬಲ ಬೇರೆಬೇರೆಯಾಗಿ ನೋಡಿ, ಪ್ರತಿ ಬದಿಗೆ ಒಂದೊಂದು ಅಂಕ ಕೊಡಬೇಕು. ಮೊಣಕಾಲು ಬಗ್ಗಿಸದೆ ಎರಡೂ ಅಂಗೈಗಳನ್ನು ನೆಲಕ್ಕೆ ಪೂರ್ತಿ ಊರುವುದಕ್ಕೆ ಮಾತ್ರ ಒಂದೇ ಅಂಕ. ‘ನಾಲ್ಕೆರಡಲ ಎಂಟು, ಬೆನ್ನಿಗೊಂದು’ ಎಂದು ನೆನಪಿಟ್ಟುಕೊಂಡರೆ ಯಾವುದೂ ಬಿಟ್ಟುಹೋಗುವುದಿಲ್ಲ.

ಮೊಣಕೈಯನ್ನು ಕಣ್ಣಂದಾಜಿನಲ್ಲಿ ಅಳೆಯಬಾರದು. ಅಂಗೈ ಮೇಲ್ಮುಖವಾಗಿರುವಂತೆ ತೋಳನ್ನು ಚಾಚಿಸಿ, ಕೀಲಿನ ಕೋನ ಅಳೆಯುವ ಎರಡು ಕಡ್ಡಿಗಳ ಸಾಧನವಾದ ಗೋನಿಯೋಮೀಟರಿನ ತಿರುಗುಬಿಂದುವನ್ನು ಮೊಣಕೈಯ ಹೊರಬದಿಯ ಮೂಳೆಯುಬ್ಬಿನ ಮೇಲಿಟ್ಟು, ಒಂದು ಕಡ್ಡಿಯನ್ನು ಭುಜದ ಕಡೆಗೂ ಇನ್ನೊಂದನ್ನು ಮಣಿಕಟ್ಟಿನ ಕಡೆಗೂ ಹೊಂದಿಸಬೇಕು. ತೋಳು ನೇರವಾಗಿರುವ ಸ್ಥಿತಿಯೇ ಸೊನ್ನೆ. 10 ಡಿಗ್ರಿಯನ್ನು ಎಣಿಸಬೇಕಾದದ್ದು ಅಲ್ಲಿಂದಾಚೆಗೆ.

ಅಂಕ ಹೇಳುವುದೇನು, ಹೇಳದಿರುವುದೇನು

ಈ ಅಧ್ಯಾಯದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೇ. ಬೇಟನ್ ಅಂಕವು ಎಷ್ಟು ಕಡೆ ಸಡಿಲತೆ ಇದೆ ಎಂಬುದನ್ನು ಎಣಿಸುತ್ತದೆ. ಎಷ್ಟು ಸಡಿಲವಾಗಿದೆ ಎಂಬುದನ್ನು ಅಳೆಯುವುದಿಲ್ಲ. 11 ಡಿಗ್ರಿ ಹಿಂದಕ್ಕೆ ಹೋಗುವ ಮೊಣಕಾಲಿಗೂ 20 ಡಿಗ್ರಿ ಹೋಗುವ ಮೊಣಕಾಲಿಗೂ ಸಿಗುವುದು ಒಂದೇ ಅಂಕ. ಬೆರಳು, ಹೆಬ್ಬೆರಳು, ಮೊಣಕೈಗಳಿಂದ 6 ಅಂಕ ಪಡೆದ ಮಗು ದಿನವಿಡೀ ಆಡಿಯೂ ಆರಾಮವಾಗಿರಬಹುದು. ಮೊಣಕಾಲುಗಳಿಂದ ಬರೀ 2 ಅಂಕ ಪಡೆದ ಮಗು, ಪಾದದ ಕೀಲು ಮತ್ತೆಮತ್ತೆ ಉಳುಕಿ ನಡೆಯಲು ಕಷ್ಟಪಡುತ್ತಿರಬಹುದು. ಪಾದದ ಕೀಲು, ಸೊಂಟದ ಕೀಲು, ಭುಜ ಇವು ಈ ಎಣಿಕೆಯೊಳಗೇ ಇಲ್ಲ. ಹಾಗಾಗಿ ಕಡಿಮೆ ಅಂಕವನ್ನು ನೋಡಿ ಕಾಲುನೋವಿನ ಮಗುವನ್ನು ‘ಏನೂ ಇಲ್ಲ’ ಎಂದು ಕಳುಹಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎಷ್ಟು ಅಂಕದಿಂದ ಅತಿಚಲನಶೀಲತೆ ಎನ್ನಬೇಕು ಎಂಬ ಗಡಿಯಂಕವೂ ವಯಸ್ಸಿನೊಂದಿಗೆ ಬದಲಾಗುತ್ತದೆ. ಚರ್ಮ, ಕೀಲುಗಳನ್ನು ಹಿಡಿದಿಡುವ ಅಂಗಾಂಶ ಹುಟ್ಟಿನಿಂದಲೇ ದುರ್ಬಲವಾಗಿರುವ ರೋಗಗಳ ಗುಂಪಾದ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್‌ನ 2017ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರೌಢಾವಸ್ಥೆಗೆ ಮುಂಚಿನ ಮಕ್ಕಳಿಗೆ 6, ಆ ಬಳಿಕ 50 ವರ್ಷದವರೆಗೆ 5, ಅದಕ್ಕೂ ಮೇಲ್ಪಟ್ಟವರಿಗೆ 4 ಎಂದಿದೆ. ಮಕ್ಕಳ ಕೀಲುಗಳು ಸಹಜವಾಗಿಯೇ ಬಳುಕುವುದರಿಂದ ಅವರಿಗೆ ಗಡಿ ಮೇಲಿದೆ. ಮಕ್ಕಳಿಗೆಂದೇ 2023ರಲ್ಲಿ ಬಂದ ಚೌಕಟ್ಟು, ದೇಹದ ಬೆಳವಣಿಗೆ ಪಕ್ವವಾಗುವ ಮುನ್ನ ಈ ಸಿಂಡ್ರೋಮ್‌ನ ಅತಿಚಲನಶೀಲ ಬಗೆಯ ಹಣೆಪಟ್ಟಿ ಹಚ್ಚದಿರಲು ಸೂಚಿಸುತ್ತದೆ.

ತರಗತಿಯಲ್ಲಿ ಕಾಣುವುದು

ಪೆನ್ಸಿಲ್ ಹಿಡಿದ ತೋರುಬೆರಳಿನ ತುದಿಗಿಣ್ಣು ಒಳಕ್ಕೆ ಕುಸಿಯುತ್ತದೆ, ಹೆಬ್ಬೆರಳು ಪೆನ್ಸಿಲನ್ನು ಬಳಸಿ ಸುತ್ತಿಕೊಳ್ಳುತ್ತದೆ. ಕೀಲು ತಾನಾಗಿ ನಿಲ್ಲದ ಕಾರಣ ಸ್ನಾಯು ಬಿಗಿಯಾಗಿ ಹಿಡಿಯಬೇಕಾಗಿ, ಪುಟ ಮುಗಿಯುವ ಮೊದಲೇ ಕೈ ಸೋಲುತ್ತದೆ. ಕೀಲು ಎಷ್ಟು ಬಾಗಿದೆ ಎಂಬ ಅರಿವು ಮಂದವಾಗಿರುವ ಮಕ್ಕಳು ಎಡವುವುದೂ ಉಂಟು. ಇದನ್ನು ಸೋಮಾರಿತನವೆಂದು ಗದರಿಸುವ ಮೊದಲು ಬೆರಳುಗಳನ್ನು ಗಮನಿಸಬೇಕು.

ಆರೈಕೆಯ ತಿರುಳು ಸ್ನಾಯುಬಲ. ಆಟ ಬಿಡಿಸಿದರೆ ಸ್ನಾಯು ಸೊರಗಿ ಕೀಲಿಗೆ ಆಸರೆ ಇನ್ನೂ ತಗ್ಗುತ್ತದೆ; ಆದ್ದರಿಂದ ಹಂತಹಂತವಾಗಿ ಏರುವ ವ್ಯಾಯಾಮ, ದಪ್ಪ ಪೆನ್ಸಿಲ್, ಬರವಣಿಗೆಯ ನಡುವೆ ಬಿಡುವು ಬೇಕು. ಬೆರಳು ಮಡಚಿ ಗೆಳೆಯರಿಗೆ ತೋರಿಸುವ ಅಭ್ಯಾಸವನ್ನು ಮಾತ್ರ ಬಿಡಿಸಬೇಕು.

ಸಡಿಲತೆಯ ನೋವು ಸಾಮಾನ್ಯವಾಗಿ ಆಟದ ನಂತರ, ಸಂಜೆ ಅಥವಾ ರಾತ್ರಿ ಬರುತ್ತದೆ. ಬೆಳಿಗ್ಗೆ ಎದ್ದಾಗ ಕೀಲು ಬಿಗಿದು, ಊದಿಕೊಂಡೇ ಉಳಿದರೆ ಮಕ್ಕಳ ಸಂಧಿವಾತವನ್ನು ಯೋಚಿಸಬೇಕು. ಸ್ನಾಯುಬಲ ಕುಂದುತ್ತ ಹೋಗುವುದು, ಅತಿ ಉದ್ದನೆಯ ಕೈಕಾಲುಗಳ ಜೊತೆಗೆ ಕಣ್ಣಿನ ಮಸೂರ ಜಾರಿರುವುದು, ವಿಪರೀತ ಹಿಗ್ಗುವ ಚರ್ಮದ ಮೇಲೆ ಅಗಲವಾದ ತೆಳು ಕಲೆಗಳು: ಇವುಗಳಲ್ಲಿ ಯಾವುದು ಕಂಡರೂ ಬೇಟನ್ ಅಂಕ ಎಷ್ಟೇ ಇರಲಿ, ಮಗುವನ್ನು ತಜ್ಞರ ಬಳಿಗೆ ಕಳುಹಿಸಬೇಕು.